ಸ್ಟೀಲ್ ವಾಚಿಗೂ ಕ್ಯೂ: ಇದು ಶುರುವಾಗಿದ್ದು ಎಲ್ಲಿಂದ?

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಸ್ಕೂಬಾ ಡೈವಿಂಗ್ ಮಾಡಬೇಕೆಂದರೆ ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿ ದ್ವೀಪದ ಹತ್ತಿರ ಇಳಿಯಬೇಕು. ಆದರೂ 300 ಮೀಟರ್ ಆಳದ ನೀರಿನ ಒತ್ತಡ ತಡೆಯುವ ಸ್ಟೀಲ್ ಡೈವಿಂಗ್ ವಾಚಿಗಾಗಿ ಈ ಊರಿನ ಶೋರೂಮುಗಳಲ್ಲಿ ಹೆಸರು ಬರೆಸಿ ಕಾಯುವವರಿದ್ದಾರೆ. ಬೆಲೆ ಹತ್ತು ಲಕ್ಷದ ಆಸುಪಾಸು. ದುಡ್ಡು ಹಿಡಿದುಕೊಂಡು ಹೋದವರಿಗೂ ಅದು ಅವತ್ತೇ ಸಿಗುವುದು ಅಪರೂಪ.

ಯಾಕೆ ಬೇಕು ಎಂದು ಕೇಳಿದರೆ ಒಬ್ಬರು ಹೂಡಿಕೆ ಎನ್ನುತ್ತಾರೆ. ಇನ್ನೊಬ್ಬರು ಕೆಲಸದ ಅಚ್ಚುಕಟ್ಟು ನೋಡಿ ಎನ್ನುತ್ತಾರೆ. ಪಕ್ಕದಲ್ಲಿ ನಿಂತವರು ‘ಸುಮ್ನೆ ಶೋಕಿ’ ಎಂದು ಮಾತು ಮುಗಿಸುತ್ತಾರೆ. ಎಲ್ಲದರಲ್ಲೂ ಸ್ವಲ್ಪ ನಿಜ ಇದೆ. ಆದರೆ ಈ ಕಾರಣಗಳು ಒಂದೇ ಸಲ ಹುಟ್ಟಿದ್ದಲ್ಲ. ಬೇರೆ ಬೇರೆ ಕಾಲದಲ್ಲಿ ಬಂದು ಸೇರಿಕೊಂಡು ಈಗ ಗಂಟಾಗಿವೆ.

1926ರಲ್ಲಿ ರೋಲೆಕ್ಸ್ ಕಂಪನಿ ತಿರುಪಿನಿಂದ ಬಿಗಿಯಾಗಿ ನೀರು ಒಳಗೆ ಬಿಡದ ಆಯ್ಸ್ಟರ್ ಎಂಬ ಕೇಸ್, ಅಂದರೆ ವಾಚಿನ ಹೊರಕವಚ, ತಂದಿತು. 1932ರಲ್ಲಿ ಒಮೆಗಾ ಕಂಪನಿ ನೀರಿಗೆಂದೇ ಮರೀನ್ ಎಂಬ ವಾಚು ಮಾಡಿತು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ನೌಕಾಪಡೆಯ ಡೈವರ್‌ಗಳು ಪನೆರಾಯ್ ಕಂಪನಿಯ ವಾಚು ಕಟ್ಟಿಕೊಂಡರು. ನಿಜವಾದ ತಿರುವು ಬಂದಿದ್ದು 1943ರಲ್ಲಿ, ಫ್ರಾನ್ಸಿನ ಝಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ಅಕ್ವಾಲಂಗ್ ರೂಪಿಸಿದಾಗ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಮೇಲಿನ ಪೈಪಿನ ಹಂಗಿಲ್ಲದೆ ನೀರಿನಡಿ ಓಡಾಡಬಹುದು ಎಂದಾಯಿತು. ಜೊತೆಗೇ ಹೊಸ ಭಯ. ಸಿಲಿಂಡರಿನ ಗಾಳಿ ಎಷ್ಟು ಹೊತ್ತು ಬರುತ್ತದೆ? ಲೆಕ್ಕ ತಪ್ಪಿದರೆ ಜೀವವೇ ಹೋಗುತ್ತದೆ.

1953ರಲ್ಲಿ ಈ ಪ್ರಶ್ನೆಗೆ ಉತ್ತರ ಬಂತು. ಆಗ ಬ್ಲಾಂಪೇನ್ ಕಂಪನಿ ನಡೆಸುತ್ತಿದ್ದ ಝಾನ್-ಝಾಕ್ ಫಿಸ್ಟರ್ ಸ್ವತಃ ಡೈವರ್. ಫ್ರೆಂಚ್ ನೌಕಾಪಡೆಯ ಡೈವರ್‌ಗಳಿಗೂ ನೀರಿನಡಿ ಹೊತ್ತಿನ ಲೆಕ್ಕ ಇಡುವ ವಾಚು ಬೇಕಿತ್ತು. ಹಾಗೆ ಬಂದಿದ್ದು ಫಿಫ್ಟಿ ಫ್ಯಾದಮ್ಸ್. ಅದೇ ವರ್ಷ ರೋಲೆಕ್ಸ್ ಸಬ್‌ಮರೀನರ್ ಕೂಡ ಹುಟ್ಟಿತು. ಎರಡರಲ್ಲೂ ಗಾಜಿನ ಸುತ್ತ ತಿರುಗುವ ಬಳೆ ಇತ್ತು. ಅದಕ್ಕೆ ಬೆಜೆಲ್ ಎನ್ನುತ್ತಾರೆ. ನೀರಿಗೆ ಇಳಿಯುವಾಗ ಅದರ ಸೊನ್ನೆ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿಟ್ಟರೆ ಆಯಿತು. ಆಮೇಲೆ ಮುಳ್ಳು ತೋರಿಸುವ ಅಂಕಿಯೇ ಕಳೆದ ಹೊತ್ತು. ಈಗಿನ ಡೈವಿಂಗ್ ವಾಚುಗಳಲ್ಲಿ ಈ ಬಳೆ ಒಂದೇ ಕಡೆಗೆ ತಿರುಗುತ್ತದೆ. ಬಂಡೆಗೆ ತಗುಲಿ ಜರುಗಿದರೂ ಕಳೆದ ಹೊತ್ತು ಜಾಸ್ತಿ ಕಾಣುತ್ತದೆ, ಕಡಿಮೆ ಕಾಣುವುದಿಲ್ಲ. ಡೈವರ್ ಬೇಗ ಮೇಲೆ ಬರುತ್ತಾನೆ, ಅಷ್ಟೇ. ಇಡೀ ವಾಚಿನಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಬ್ಯಾಟರಿ ಇಲ್ಲ, ಗುಂಡಿ ಇಲ್ಲ, ಕೈಗವಸು ಹಾಕಿದ ಬೆರಳಿಗೂ ಸಿಗುತ್ತದೆ.

ಸ್ಟೀಲ್ ಯಾಕೆ ಎಂದರೆ ಅದು ಗಟ್ಟಿ, ಅಗ್ಗ, ಬೇಗ ತುಕ್ಕು ಹಿಡಿಯುವುದಿಲ್ಲ. ಇದು ದುಡಿಯುವವರ ಸಾಮಾನು. ಬ್ರಿಟಿಷ್ ನೌಕಾಪಡೆ ಇಂಥ ವಾಚುಗಳನ್ನು ತನ್ನ ಡೈವರ್‌ಗಳಿಗೆ ಕೊಟ್ಟಿತು. ಕಡಲ ತಳದಲ್ಲಿ ಕೆಲಸ ಮಾಡುವ ಫ್ರಾನ್ಸಿನ ಕೊಮೆಕ್ಸ್ ಕಂಪನಿ ತನ್ನ ನೌಕರರಿಗೆ ಕೊಟ್ಟಿತು. 1962ರಲ್ಲಿ ಮೊದಲ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಶಾನ್ ಕಾನರಿ ಕೈಯಲ್ಲಿ ಸಬ್‌ಮರೀನರ್ ಕಾಣಿಸಿದ್ದು ನಿಜ. ಆದರೆ ಅದನ್ನು ನೋಡಿ ಮರುದಿನವೇ ಜನ ಕ್ಯೂ ನಿಲ್ಲಲಿಲ್ಲ.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಇಲ್ಲಿ ವಾಚು ತಯಾರಿಸಲು ಶುರುಮಾಡಿತು. ಹೊರದೇಶದ ವಾಚು ತರಿಸುವುದು ಕಷ್ಟವಿದ್ದ ಕಾಲ. ಗಲ್ಫ್‌ನಿಂದ ಬಂದ ನೆಂಟರು ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಕದ್ದು ಬಂದ ಮಾಲು. ಹಾಗಾಗಿ ಕ್ಯೂ ನಮಗೆ ಹೊಸದೇನಲ್ಲ. ಎಚ್‌ಎಂಟಿ ಕಾಂಚನ್ ಅಳಿಯನಿಗೆ ಕೊಡುವ ವಾಚು ಎಂದೇ ಹೆಸರಾಗಿತ್ತು. ಬೇಕೆಂದಾಗ ಸಿಗುತ್ತಿರಲಿಲ್ಲ, ಜಾಸ್ತಿ ದುಡ್ಡು ಕೊಟ್ಟು ತರುವವರೂ ಇದ್ದರು. ಆದರೆ ಆ ಕೊರತೆಗೆ ಕಾರಣ ಬೇರೆ. ಮದುವೆಗಳು ಜಾಸ್ತಿ, ವಾಚು ಕಡಿಮೆ. 1987ರಲ್ಲಿ ಟೈಟನ್ ಕಂಪನಿಯ ಕ್ವಾರ್ಟ್ಜ್ ವಾಚುಗಳು, ಅಂದರೆ ಬ್ಯಾಟರಿಯಿಂದ ನಡೆಯುವ ವಾಚುಗಳು, ಮಾರುಕಟ್ಟೆಗೆ ಬಂದ ಮೇಲೆ ಅಂಥ ಕ್ಯೂ ಕರಗುತ್ತಾ ಹೋಯಿತು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಅದಾದ ಮೇಲೆ ಹಳೇ ಎಚ್‌ಎಂಟಿಗಳಿಗೆ ಬೇಡಿಕೆ ಬಂದಿದ್ದು ಬೇರೆ ಮಾತು.

ಕ್ವಾರ್ಟ್ಜ್ ಹೊಡೆತ ಸ್ವಿಟ್ಜರ್ಲೆಂಡಿಗೆ ಇನ್ನೂ ಮೊದಲೇ ಬಿದ್ದಿತ್ತು. 1969ರ ಡಿಸೆಂಬರಿನಲ್ಲಿ ಸೈಕೊ ಕಂಪನಿ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಸಮಯ ತೋರಿಸುವುದರಲ್ಲಿ ಸ್ಪ್ರಿಂಗ್ ವಾಚು ಅದಕ್ಕೆ ಸಾಟಿಯೇ ಅಲ್ಲ. ಹಾಗಾದರೆ ಸ್ವಿಸ್ ಕಂಪನಿಗಳು ಮಾರುವುದೇನು? 1972ರಲ್ಲಿ ಓಡೆಮಾ ಪಿಗೆ ಕಂಪನಿ ರಾಯಲ್ ಓಕ್ ಎಂಬ ಸ್ಟೀಲ್ ವಾಚಿಗೆ ಅನೇಕ ಚಿನ್ನದ ವಾಚುಗಳಿಗಿಂತ ಹೆಚ್ಚು ಬೆಲೆ ಇಟ್ಟಿತು. ಅದು ಡೈವಿಂಗ್ ವಾಚಲ್ಲ. ಆದರೆ ಸ್ಟೀಲಿಗೂ ಹೀಗೆ ಬೆಲೆ ಇಡಬಹುದು ಎಂದು ಆಗಲೇ ಗೊತ್ತಾಗಿದ್ದು. 80ರ ದಶಕದಲ್ಲಿ ಡೈವಿಂಗ್ ಕಂಪ್ಯೂಟರ್‌ಗಳು ಬಂದವು. ಆಳ, ಹೊತ್ತು, ಮೇಲೆ ಬರುವ ವೇಗ ಎಲ್ಲವನ್ನೂ ಅವೇ ಹೇಳತೊಡಗಿದವು. ಅಲ್ಲಿಗೆ ಡೈವರ್‌ಗೆ ಡೈವಿಂಗ್ ವಾಚಿನ ಅಗತ್ಯ ಬಹುಪಾಲು ಮುಗಿಯಿತು. ಅದರ ಬೆಲೆ ಏರಿದ್ದು ಅದಾದ ಮೇಲೆಯೇ.

ಇಲ್ಲಿ ಹಳೇ ವಾಚುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಿಜವಾಗಿ ಅಪರೂಪ ಎನ್ನಬಹುದಾದದ್ದು ಅವೇ. ಸಬ್‌ಮರೀನರ್ 5513 ಎಂಬ ಮಾಡೆಲ್ 60ರ ದಶಕದ ಆರಂಭದಿಂದ 80ರ ದಶಕದ ಕೊನೆಯವರೆಗೂ ತಯಾರಾಯಿತು. ಅಂದರೆ ಮಾಡೆಲ್ ಅಪರೂಪವಲ್ಲ. ಕೈ ಮುಟ್ಟದೆ ಉಳಿದ ಪೀಸು ಅಪರೂಪ. ಯಾಕೆಂದರೆ ಇವನ್ನು ಯಾರೂ ಪೆಟ್ಟಿಗೆಯಲ್ಲಿ ಇಟ್ಟಿರಲಿಲ್ಲ, ದುಡಿಸಿದ್ದರು. ಸರ್ವೀಸಿಗೆ ಕೊಟ್ಟಾಗ ಮಾಸಿದ ಡಯಲ್ ತೆಗೆದು ಹೊಸದು ಹಾಕುತ್ತಿದ್ದರು. ಮುಳ್ಳು ಬದಲಾಗುತ್ತಿತ್ತು. ಕೇಸಿಗೆ ಪಾಲಿಶ್ ಕೊಟ್ಟು ಕೊಟ್ಟು ಅಂಚುಗಳು ಸವೆಯುತ್ತಿದ್ದವು. ಇದು ಮೋಸವಲ್ಲ, ಒಳ್ಳೆ ರಿಪೇರಿ ಎಂದರೆ ಆಗ ಅದೇ. ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ರಿಪೇರಿಯವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಗಿರಾಕಿ ಬಂದಾಗ ವಾಚು ಹೊಳೆಯಬೇಕು, ಇಲ್ಲದಿದ್ದರೆ ‘ಏನು ಮಾಡಿದ್ದೀರಿ’ ಎಂದು ಜಗಳ.

ಈಗ ಲೆಕ್ಕ ಪೂರ್ತಿ ತಿರುಗಿದೆ. ಕತ್ತಲಲ್ಲಿ ಹೊಳೆಯಲೆಂದು ಡಯಲಿಗೆ ಮೊದಲು ರೇಡಿಯಂ, 60ರ ದಶಕದಿಂದ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಟ್ರಿಟಿಯಂ ಸುಮಾರು 12 ವರ್ಷಕ್ಕೆ ಅರ್ಧದಷ್ಟು ಕ್ಷೀಣಿಸುತ್ತದೆ. ಹೊಳಪು ಹೋಗುತ್ತದೆ, ಬಿಳಿ ಚುಕ್ಕೆಗಳು ಕೆನೆಬಣ್ಣಕ್ಕೆ, ಕೆಲವು ಸಲ ಜೇನುಬಣ್ಣಕ್ಕೆ ತಿರುಗುತ್ತವೆ. ಕೆಲವು ಕಪ್ಪು ಡಯಲುಗಳು ಬಿಸಿಲಿಗೆ ಕಂದಾಗಿವೆ. ಹಿಂದೆ ಇದು ಹಾಳಾದ ಡಯಲ್. ಈಗ ಇದಕ್ಕೇ ಬೆಲೆ. ಇಂಥದ್ದಕ್ಕೆ ಹೊಸ ಬಣ್ಣ ಬಳಿಯುವುದು ಹಳೇ ಶಾಸನಕ್ಕೆ ಸುಣ್ಣ ಹೊಡೆದ ಹಾಗೆ. ಸಬ್‌ಮರೀನರ್ 1680 ಮಾಡೆಲಿನಲ್ಲಿ ಮೊದಲ ಕೆಲವು ವರ್ಷ ವಾಚಿನ ಹೆಸರು ಕೆಂಪಕ್ಷರದಲ್ಲಿತ್ತು, 70ರ ದಶಕದ ನಡುವೆ ಬಿಳಿಯಾಯಿತು. ಒಳಗಿನ ಮಿಷಿನ್ ಅದೇ, ಕೇಸೂ ಅದೇ. ಆದರೂ ಆ ಒಂದು ಕೆಂಪು ಸಾಲಿಗೆ ಕೊಳ್ಳುವವರು ಬಹಳಷ್ಟು ಹೆಚ್ಚಿಗೆ ಕೊಡುತ್ತಾರೆ. ಹಾಗಾಗಿ ಬಿಳಿ ಸಾಲನ್ನು ಕೆಂಪು ಮಾಡುವವರೂ ಹುಟ್ಟಿಕೊಂಡರು. ನಮ್ಮ ದೇಶದಲ್ಲಂತೂ ಹಳೇ ವಾಚಿನ ಡಯಲಿಗೆ ಮತ್ತೆ ಬಣ್ಣ ಬಳಿದು ಮಾರುವುದು ದೊಡ್ಡ ಕಸುಬು. ಹೊರದೇಶದ ಕೊಳ್ಳುವವರು ಭಾರತದಿಂದ ಬಂದ ಹಳೇ ವಾಚು ಎಂದರೆ ಎರಡೆರಡು ಸಲ ನೋಡುವುದು ಅದಕ್ಕೇ. ಅಜ್ಜನ ವಾಚು ಸಿಕ್ಕಿದರೆ ಮೊದಲು ಅದಕ್ಕೆ ಪಾಲಿಶ್ ಹಾಕಿಸಬೇಡಿ.

ಹೊಸ ವಾಚುಗಳ ವಿಷಯ ಹಾಗಲ್ಲ. ರೋಲೆಕ್ಸ್ ಕಂಪನಿಯೊಂದೇ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಚು ಮಾಡುತ್ತದೆ ಎಂಬುದು ಮಾರುಕಟ್ಟೆಯ ಅಂದಾಜು. ಇಷ್ಟು ತಯಾರಾಗುವ ಸಾಮಾನನ್ನು ಅಪರೂಪ ಎನ್ನಲು ಸ್ವಲ್ಪ ಧೈರ್ಯ ಬೇಕು, ಅಲ್ವಾ? ಆದರೂ 2010ರ ದಶಕದ ಕೊನೆಗೆ ಸ್ಟೀಲ್ ಮಾಡೆಲುಗಳು ಅಂಗಡಿಯ ಗಾಜಿನ ಹಿಂದೆ ಕಾಣದಾದವು. ಕೊರೋನಾ ಕಾಲದಲ್ಲಿ ಕೈಯಲ್ಲಿ ದುಡ್ಡಿದ್ದವರು ಮನೆಯಲ್ಲಿ ಕೂತು ವಾಚುಗಳ ಹಿಂದೆ ಬಿದ್ದರು. 2022ರ ಆರಂಭಕ್ಕೆ ಸೆಕೆಂಡ್ ಹ್ಯಾಂಡ್ ಬೆಲೆಗಳು ತುತ್ತತುದಿ ಮುಟ್ಟಿದವು. ಆಮೇಲೆ ಇಳಿದವು. ತುದಿಯಲ್ಲಿ ಕೊಂಡು ‘ಹೂಡಿಕೆ’ ಎಂದವರು ಈಗ ಆ ಮಾತು ಕಡಿಮೆ ಆಡುತ್ತಾರೆ.

ಕೊರತೆ ತನ್ನ ತಂತ್ರವಲ್ಲ, ಗುಣಮಟ್ಟ ಬಿಟ್ಟು ಹೆಚ್ಚು ಮಾಡಲಾಗುವುದಿಲ್ಲ ಎಂದು ರೋಲೆಕ್ಸ್ 2021ರಲ್ಲೇ ಹೇಳಿತ್ತು. ಸ್ವಿಟ್ಜರ್ಲೆಂಡಿನ ಬುಲ್ ಎಂಬಲ್ಲಿ ಅದು ಯೋಜಿಸಿರುವ ಹೊಸ ಕಾರ್ಖಾನೆ 2029ಕ್ಕೆ ಎಂದು ಲೆಕ್ಕ. ಕಂಪನಿಯ ಮಾತನ್ನು ನಂಬದಿರಲು ಕಾರಣವಿಲ್ಲ. ಆದರೆ ಕ್ಯೂನಿಂದ ಯಾರಿಗೂ ನಷ್ಟವಾಗಿಲ್ಲ ಎಂಬುದೂ ಕಣ್ಣಿಗೆ ಕಾಣುತ್ತದೆ. ವಾಚು ಸಿಕ್ಕಿದವನು ಅದೃಷ್ಟವಂತ. ಮರುಮಾರಾಟದವನಿಗೆ ಲಾಭ. ಮೊದಲು ಬೇರೆ ವಾಚು, ಒಡವೆ ಕೊಂಡರೆ ಕಾಯುವವರ ಪಟ್ಟಿಯಲ್ಲಿ ಹೆಸರು ಮೇಲೆ ಬರುತ್ತದೆ ಎಂಬ ಮಾತು ದೇಶ ದೇಶಗಳಲ್ಲಿ ಕೇಳುತ್ತದೆ. ಕಾಯುವವನೂ ಬೈಯುವುದಿಲ್ಲ. ಸುಲಭವಾಗಿ ಸಿಕ್ಕಿದರೆ ಅವನೇ ಅನುಮಾನ ಪಡುತ್ತಾನೆ!

ಬೆಂಗಳೂರಿನಲ್ಲಿ ಇದಕ್ಕೆ ತೆರಿಗೆಯ ಲೆಕ್ಕವೂ ಸೇರಿಕೊಳ್ಳುತ್ತದೆ. 2017ರಿಂದ ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ ಅಂಗಡಿಯವರು ಶೇ 1ರಷ್ಟು ತೆರಿಗೆಯನ್ನು ಕೊಳ್ಳುವವರಿಂದ ಮೊದಲೇ ವಸೂಲಿ ಮಾಡಿ ಕಟ್ಟಬೇಕು. ಕೊಂಡವರು ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಇನ್ನೊಂದು ಕಡೆ, ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಇಎಫ್‌ಟಿಎ ಕೂಟದೊಂದಿಗೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರಂತೆ ಸ್ವಿಸ್ ವಾಚುಗಳ ಆಮದು ಸುಂಕ ಕೆಲವು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಯುತ್ತದೆ. ಸುಂಕ ಇಳಿದ ಮೇಲೆ, ಈಗ ದುಬೈಯಲ್ಲಿ ಕೊಳ್ಳುವವರು ಇಲ್ಲೇ ಹೆಸರು ಬರೆಸುತ್ತಾರೆ. ಪಟ್ಟಿ ಇನ್ನಷ್ಟು ಉದ್ದವಾಗುತ್ತದೆ.