ಕಂಬ ಸೋಲುವುದು ಕುತ್ತಿಗೆಯಲ್ಲಿ

ಹುಬ್ಬಳ್ಳಿ, ಗದಗ ಕಡೆ ಮಹಾದ್ವಾರ, ಮಂಟಪ ಕಟ್ಟಿಸುವವರಲ್ಲಿ ಕೆಲವರು ಕಂಬದ ಬದಲು ಆಳೆತ್ತರದ ಗೊಂಬೆ ಬೇಕೆನ್ನುತ್ತಾರೆ. ಆಸೆ ಹಳೆಯದೇ. ಆದರೆ ಮನುಷ್ಯನ ಮೈಯಲ್ಲಿ ಭಾರ ಇಳಿಯುವ ದಾರಿ ಕುತ್ತಿಗೆ, ಕಣಕಾಲುಗಳಲ್ಲಿ ಸಣ್ಣದಾಗುತ್ತದೆ. ಬಿರುಕು ಬಿಡುವುದೂ ಅಲ್ಲೇ.

ಗ್ರೀಸಿನ ಡೆಲ್ಫಿಯಲ್ಲಿ ಸಿಫ್ನೋಸ್ ದ್ವೀಪದವರು ಕ್ರಿ.ಪೂ. 525ರ ಸುಮಾರಿಗೆ ಕಟ್ಟಿಸಿದ ಭಂಡಾರಕ್ಕೆ ಎರಡು ಹೆಣ್ಣುಗಂಬಗಳಿದ್ದವು. ಗ್ರೀಕರ ಮೇಲೆ ಯುದ್ಧಕ್ಕೆ ಬಂದ ಪರ್ಷಿಯನ್ನರ ಪಕ್ಷ ಹಿಡಿದ ಕಾರ್ಯೆ ಊರಿನ ಹೆಂಗಸರಿಗೆ ಕೊಟ್ಟ ಶಿಕ್ಷೆಯ ನೆನಪು ಇಂಥ ಕಂಬಗಳೆಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಡೆಲ್ಫಿಯವು ಆ ಯುದ್ಧಕ್ಕಿಂತ ಹಳೆಯವು, ಹಾಗಾಗಿ ಕಥೆ ಹೊಂದುವುದಿಲ್ಲ.

ಅಥೆನ್ಸಿನ ಎರೆಕ್ಥಿಯಾನ್ ಗುಡಿಯ ಆರು ಹೆಣ್ಣುಗಂಬಗಳನ್ನು ಹಿಂದಿನಿಂದ ನೋಡಬೇಕು. ದಪ್ಪ ಜಡೆಗಳು ಕುತ್ತಿಗೆಗೆ ಒತ್ತಿಕೊಂಡು ಬೆನ್ನಿಗಿಳಿಯುತ್ತವೆ. ಅದು ಬರೀ ಅಲಂಕಾರವಲ್ಲ, ಕಲ್ಲಿನ ದಪ್ಪ ಕಾಯ್ದುಕೊಳ್ಳುವ ಉಪಾಯ. ಭಾರ ಹೊತ್ತ ಕಾಲಿನ ಮೇಲೆ ಸೀರೆಯ ನಿರಿಗೆಯಂತೆ ನೇರ ಮಡಿಕೆಗಳಿವೆ. ಇಷ್ಟೆಲ್ಲ ಜಾಣ್ಮೆಯಿದ್ದರೂ ಮುಂದಿನ ದುರಸ್ತಿಗಳಲ್ಲಿ ಹಾಕಿದ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿ ಅಲ್ಲಿನ ಅಮೃತಶಿಲೆಯನ್ನು ಸೀಳಿದವು. ನಗರದ ಹೊಗೆಗಾಳಿ ಮುಖಗಳನ್ನು ತಿಂದಿತು. 1979ರಲ್ಲಿ ಐದನ್ನು ವಸ್ತುಸಂಗ್ರಹಾಲಯದೊಳಗೆ ಸಾಗಿಸಿ, ಗುಡಿಯಲ್ಲಿ ನಕಲುಗಳನ್ನು ನಿಲ್ಲಿಸಿದರು. ಆರನೆಯದು ಲಂಡನ್ನಿನಲ್ಲಿದೆ.

ನಮ್ಮ ಕಡೆಯ ಶಿಲ್ಪಿಗಳು ಹಿಡಿದ ದಾರಿ ಬೇರೆ. ಲಕ್ಕುಂಡಿಯ ಗುಡಿಗಳಲ್ಲಿ ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳಿವೆ. ಬೆರಳಾಡಿಸಿದರೆ ಉಂಗುರದಂತೆ ಸುತ್ತಿದ ಅಂಚುಗಳು ಒಂದರ ಕೆಳಗೊಂದು ಸಿಗುತ್ತವೆ. ತೊಲೆಯ ಭಾರ ಕಂಬದ ತಲೆಯ ಚಾಚುಗಲ್ಲಾದ ಬೋದಿಗೆಗೆ, ಬೋದಿಗೆಯಿಂದ ಕೆಳಗಿನ ಚಪ್ಪಟೆ ಕಲ್ಲಾದ ಫಲಕಕ್ಕೆ, ಅಲ್ಲಿಂದ ಕಂಬದ ನಡುಗಲ್ಲಿಗೆ ಇಳಿಯುತ್ತದೆ. ಹೆಣ್ಣು ಬೇಕೆಂದಲ್ಲಿ ಅವಳನ್ನು ಬೇರೆ ಕಲ್ಲಿನಲ್ಲಿ ಕೆತ್ತಿ, ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ಕೂರಿಸಿದರು. ಹಾವೇರಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಕುರುವತ್ತಿಯ ಮದನಿಕೆಯರು ಹೀಗಿದ್ದಾರೆ. ಅಂಥ ಗೊಂಬೆ ಒಡೆದರೂ ಮಾಡು ಬೀಳುವುದಿಲ್ಲ. ನನಗೆ ಇದೇ ಹೆಚ್ಚು ವಿವೇಕದ ಕೆಲಸವೆನಿಸುತ್ತದೆ.

ಇವತ್ತಿನ ಕಾಂಕ್ರೀಟಿಗೂ ಇದೇ ಲೆಕ್ಕ. ಕಂಬದ ಉದ್ದ ಸರಳುಗಳ ಹೊರಗೆ ಕನಿಷ್ಠ 40 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಬೇಕು. ಗೊಂಬೆಯ ಚೆಲುವಿಗಾಗಿ ಕುತ್ತಿಗೆ ಕೊರೆದರೆ ಮೊದಲು ಹೋಗುವುದು ಆ ಹೊದಿಕೆಯೇ. ನೀರು ಒಳಹೊಕ್ಕು, ಸರಳು ತುಕ್ಕಾಗಿ, ಗಂಟಲಲ್ಲಿ ಉದ್ದುದ್ದ ಬಿರುಕು ಏಳುತ್ತದೆ. ಮೇಲೆ ಗಾರೆ ಬಳಿದರೆ ಬಿರುಕು ಮರೆಯಾಗುತ್ತದೆ, ಸರಳು ಒಳಗೇ ಸವೆಯುತ್ತದೆ. ಆದ್ದರಿಂದ ಎಂಜಿನಿಯರ್ ಹೇಳಿದ ಅಳತೆಯ ಕಂಬವನ್ನು ತಳದಿಂದ ತೊಲೆಯವರೆಗೆ ನೇರವಾಗಿ ಎಬ್ಬಿಸಿ, ನೀರುಣಿಸಿ ಗಟ್ಟಿಯಾಗಿಸುವ ಕ್ಯೂರಿಂಗ್ ಮುಗಿಸಿ, ಆಮೇಲೆ ಗೊಂಬೆಯನ್ನು ಅದರ ಸುತ್ತ ಕಟ್ಟಿಸಿ. ಗೊಂಬೆಯ ನೆತ್ತಿಗೂ ತೊಲೆಗೂ ನಡುವೆ ತೆಳು ಸಂದು ಬಿಡಿಸಿ, ಭಾರ ಅವಳ ತಲೆಗೆ ತಾಗದಂತೆ.