ಚಿಪ್ಪು ಕಳಚಿದ ಅಕ್ರೋಟ್ ಕಮಟಾಗದಿರಲು

ಕಾಶ್ಮೀರದಲ್ಲಿ ಅಕ್ರೋಟ್ ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ. ಹಸಿರು ಸಿಪ್ಪೆ ಸುಲಿದು ಚೆನ್ನಾಗಿ ಒಣಗಿಸಿದ ಕಾಯಿ, ಚಿಪ್ಪಿನೊಳಗಿರುವಷ್ಟು ಕಾಲ ಹೆಚ್ಚು ತಂಟೆ ಕೊಡುವುದಿಲ್ಲ. ಚಿಪ್ಪು ಒಡೆದ ಕ್ಷಣದಿಂದ ತಿರುಳು ಹಳಸತೊಡಗುತ್ತದೆ.

ತಿರುಳಿನ ತೂಕದಲ್ಲಿ ಸುಮಾರು ಶೇ. 65 ಎಣ್ಣೆ. ಅದರಲ್ಲಿ ಬಹುಪಾಲು ಲಿನೊಲೆಯಿಕ್ ಮತ್ತು ಆಲ್ಫಾ-ಲಿನೊಲೆನಿಕ್ ಎಂಬ ಕೊಬ್ಬಿನಾಮ್ಲಗಳು. ಎರಡನೆಯದು ಎಲ್ಲರೂ ಹೊಗಳುವ ಒಮೆಗಾ-3; ಆಮ್ಲಜನಕಕ್ಕೆ ಮೊದಲು ಸೋಲುವುದೂ ಅದೇ. ಈ ಆಮ್ಲಗಳು ಆಮ್ಲಜನಕ ಸೇರಿ ಮೊದಲು ಪೆರಾಕ್ಸೈಡ್‌ಗಳಾಗುತ್ತವೆ, ಅವು ಒಡೆದು ಕಮಟು ವಾಸನೆ ಬೀರುವ ಹೆಕ್ಸನಾಲ್‌ನಂಥ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಅಗಸೆ ಎಣ್ಣೆಯ ಬಣ್ಣ ಗಾಳಿಗೆ ಗಟ್ಟಿಯಾಗುವುದೂ ಇಂಥದೇ ಕ್ರಿಯೆಯಿಂದ. ಕಮಟು ಅಕ್ರೋಟ್ ಪೇಂಟಿನಂತೆ ನಾರುವುದು ಸುಮ್ಮನೆ ಅಲ್ಲ.

ತಿರುಳಿನ ಮೇಲಿನ ಕಂದು ಪೊರೆಯಲ್ಲಿರುವ ಫಿನಾಲ್ ಎಂಬ ಒಗರು ವಸ್ತುಗಳು ಈ ಕ್ರಿಯೆಯನ್ನು ತಡೆಯುತ್ತವೆ. ಚೂರು ಮಾಡಿದರೆ ಪೊರೆಯಿಲ್ಲದ ಮೈ ಹೆಚ್ಚುತ್ತದೆ. ಹಾಗಾಗಿ ಅಗ್ಗಕ್ಕೆ ಸಿಗುವ ಚೂರಿಗಿಂತ ಇಡೀ ಅರ್ಧಹೋಳನ್ನೇ ಕೊಳ್ಳಿ.

ತೇವಾಂಶದ ಲೆಕ್ಕ ತುಸು ನಾಜೂಕು. ತಿರುಳಿನಲ್ಲಿ ಶೇ. 4ರ ಆಸುಪಾಸು ಇದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚಾದರೆ ಲೈಪೇಸ್ ಕಿಣ್ವ ಎಣ್ಣೆಯನ್ನು ಸೀಳುತ್ತದೆ, ಬೂಸ್ಟು ಹಿಡಿಯುತ್ತದೆ. ಮಳೆಗಾಲದ ಕರಾವಳಿಯಲ್ಲಿ ತೆರೆದಿಟ್ಟ ಡಬ್ಬಿಗೆ ಇದೇ ಗತಿ. ಹಾಗೆಂದು ಅತಿಯಾಗಿ ಒಣಗಿಸಿದರೆ ಪೊರೆ ಬಿರಿದು ಉದುರುತ್ತದೆ, ಆಮ್ಲಜನಕದಿಂದ ಹಳಸುವ ಕ್ರಿಯೆಯೂ ಚುರುಕಾಗುತ್ತದೆ. ಒಣಗಿಸುವ ಗಾಳಿ 43 ಡಿಗ್ರಿ ಸೆಲ್ಸಿಯಸ್ ಮೀರಬಾರದು.

ತೆಳು ಪಾಲಿಥಿನ್ ಆಮ್ಲಜನಕವನ್ನು ತಡೆಯುವುದಿಲ್ಲ. ಅಲ್ಯೂಮಿನಿಯಂ ಪದರದ ಪೌಚ್ ಬೇಕು. ಅದು ಬೆಳಕನ್ನೂ ತಡೆಯುತ್ತದೆ. ಒಳಗೆ ಆಮ್ಲಜನಕ ಹೀರುವ ಸ್ಯಾಶೆ ಹಾಕಿ ಸೀಲ್ ಮಾಡಿ. ಗಾಳಿಯಲ್ಲಿ ಆಮ್ಲಜನಕ ಶೇ. 21 ಇರುವುದರಿಂದ 100 ಸಿಸಿ (ಮಿಲಿಲೀಟರ್) ಆಮ್ಲಜನಕ ಹೀರುವ ಸ್ಯಾಶೆ ಅರ್ಧ ಲೀಟರಿಗೆ ತುಸು ಕಡಿಮೆ ಗಾಳಿಗೆ ಸಾಕು. ಸಿಲಿಕಾ ಜೆಲ್ ಪೊಟ್ಟಣ ಇದಕ್ಕೆ ಬದಲಿಯಲ್ಲ: ಅದು ಹೀರುವುದು ನೀರಾವಿಯನ್ನು ಮಾತ್ರ. ಬಿಗಿ ವ್ಯಾಕ್ಯೂಮ್ ಮಾಡಿದರೆ ಹೋಳುಗಳು ಮುರಿಯುತ್ತವೆ.

ಫ್ರಿಜ್‌ನಲ್ಲಿ ಸುಮಾರು ಆರು ತಿಂಗಳು, ಮೈನಸ್ 18ರ ಫ್ರೀಜರಿನಲ್ಲಿ ವರ್ಷ ಇಡಬಹುದು. ಪತಂಗದ ಮೊಟ್ಟೆಗಳಿದ್ದರೆ ಫ್ರೀಜರಿನಲ್ಲಿ ವಾರದೊಳಗೆ ಸಾಯುತ್ತವೆ. ಈರುಳ್ಳಿ, ಮೀನಿನ ವಾಸನೆಯನ್ನು ತಿರುಳು ಬೇಗ ಹೀರಿಕೊಳ್ಳುತ್ತದೆ, ಆದ್ದರಿಂದ ಮುಚ್ಚಳ ಬಿಗಿಯಾಗಿರಲಿ. ಹೊರತೆಗೆದ ಪೌಚನ್ನು ಕೋಣೆಯ ಬಿಸಿಗೆ ಬರುವ ತನಕ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣನೆಯ ತಿರುಳಿನ ಮೇಲೆ ನೀರು ಕಟ್ಟುತ್ತದೆ. ತಿಂಗಳಿಗೊಂದರಂತೆ ಸಣ್ಣ ಪೌಚ್‌ಗಳನ್ನೇ ಮಾಡಿದರೆ ಈ ರಗಳೆ ಕಡಿಮೆ. ಹುರಿಯುವುದು ಬಳಸುವ ದಿನ ಮಾತ್ರ.

ಬೂಸ್ಟು ಕಂಡರೆ ಹುರಿದು ಉಳಿಸಿಕೊಳ್ಳಲು ಹೋಗಬೇಡಿ. ಆಸ್ಪರ್ಜಿಲಸ್ ಶಿಲೀಂಧ್ರದ ಅಫ್ಲಟಾಕ್ಸಿನ್ ಎಂಬ ವಿಷ ಬಾಣಲೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ.