ರಟ್ಟಿಗೂ ಒಂದು ದಿಕ್ಕು ಇರುತ್ತದೆ

ಕಲಬುರಗಿಯಲ್ಲಿ ಹೋಳಿ ಮುಗಿದ ಕೆಲವೇ ದಿನಕ್ಕೆ ಶರಣಬಸವೇಶ್ವರರ ಜಾತ್ರೆ. ಜಾತ್ರೆಯ ಮರುವಾರ ನನ್ನ ಕರಕುಶಲ ತರಗತಿಯ ಮಕ್ಕಳೆಲ್ಲ ತೇರು ಮಾಡುತ್ತಾರೆ. ನಾನೇನೂ ಹೇಳಬೇಕಾಗಿಲ್ಲ. ಪಾರ್ಸೆಲ್ ಡಬ್ಬಿ, ಬಿಸ್ಕತ್ತಿನ ಪೆಟ್ಟಿಗೆ, ಹಳೇ ಲಗ್ನಪತ್ರಿಕೆ ಎಲ್ಲ ಹೊತ್ತು ತರುತ್ತಾರೆ. ಈ ಸಲ ಒಂಬತ್ತು ವರ್ಷದ ಹುಡುಗನೊಬ್ಬ ಮೊಣಕಾಲೆತ್ತರದ ತೇರು ಕಟ್ಟಿದ. ಮರುದಿನ ನೋಡಿದರೆ ಅದು ನಡುವೆ ಮಡಚಿಕೊಂಡು ಕೂತಿತ್ತು. "ರಟ್ಟು ಚಲೋ ಇಲ್ರೀ ಸರ್" ಅಂದ. ರಟ್ಟು ಚೆನ್ನಾಗಿಯೇ ಇತ್ತು. ನಿಲ್ಲಿಸಿದ ದಿಕ್ಕು ತಪ್ಪಿತ್ತು.

ಪಾರ್ಸೆಲ್ ಡಬ್ಬಿಯ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಎರಡು ಚಪ್ಪಟೆ ಹಾಳೆ, ನಡುವೆ ಅಲೆಅಲೆಯಾಗಿ ಮಡಚಿದ ಇನ್ನೊಂದು ಹಾಳೆ. ಆ ಅಲೆಗಳು ಸಾಲಾಗಿ ನಿಲ್ಲಿಸಿದ ಕೊಳವೆಗಳಿದ್ದ ಹಾಗೆ. ಕೊಳವೆ ನೆಟ್ಟಗೆ ನಿಂತರೆ ಭಾರ ಹೊರುತ್ತದೆ, ಅಡ್ಡ ಮಲಗಿದರೆ ಹೊರುವುದಿಲ್ಲ. ಹುಡುಗನ ತೇರಿನ ನಾಲ್ಕೂ ಕಂಬಗಳಲ್ಲಿ ಅಲೆ ಅಡ್ಡ ಮಲಗಿತ್ತು. ಅದೇ ರಟ್ಟನ್ನು ತಿರುಗಿಸಿ ಕತ್ತರಿಸಿದೆವು. ನಿಂತಿತು.

ಮಡಚುವಾಗ ಲೆಕ್ಕ ಉಲ್ಟಾ. ಅಲೆಯ ಉದ್ದಕ್ಕೆ ಮಡಚಿದರೆ ಸುಲಭ, ಅಡ್ಡಕ್ಕೆ ಮಡಚಿದರೆ ರಟ್ಟು ಸೊಟ್ಟಗಾಗಿ ಬಿರಿಯುತ್ತದೆ. ಅಡ್ಡಕ್ಕೇ ಮಡಚಬೇಕು ಅಂದರೆ ಇಂಕು ಮುಗಿದ ಬಾಲ್‌ಪೆನ್ನಿನಿಂದ, ಸ್ಕೇಲು ಇಟ್ಟು, ಎರಡು ಮೂರು ಸಲ ಒತ್ತಿ ಗೀರಿ. ಖಾಲಿ ಪೆನ್ನನ್ನು ನಾನು ಎಸೆಯುವುದೇ ಇಲ್ಲ.

ದಿಕ್ಕು ರಟ್ಟಿಗೆ ಮಾತ್ರ ಅಲ್ಲ, ಹಾಳೆಗೂ ಇದೆ. ದಿನಪತ್ರಿಕೆಯನ್ನು ಮೇಲಿಂದ ಕೆಳಗೆ ಹರಿಯಿರಿ, ಪಟ್ಟಿ ಹೆಚ್ಚುಕಮ್ಮಿ ನೇರ ಬರುತ್ತದೆ. ಎಡದಿಂದ ಬಲಕ್ಕೆ ಹರಿಯಿರಿ, ಎಲ್ಲೆಲ್ಲೋ ಓಡುತ್ತದೆ. ಕಾರ್ಖಾನೆಯಲ್ಲಿ ಕಾಗದ ಓಡುವ ದಿಕ್ಕಿಗೇ ಅದರ ನಾರುಗಳೂ ಮಲಗುತ್ತವೆ, ಅದಕ್ಕೇ ಹೀಗೆ. ನಾರು ನೀರು ಕುಡಿದರೆ ದಪ್ಪ ಆಗುತ್ತದೆ, ಉದ್ದ ಅಷ್ಟಾಗಿ ಬೆಳೆಯುವುದಿಲ್ಲ. ಹಾಗಾಗಿ ಗೋಂದು ಹಚ್ಚಿದ ಹಾಳೆ ಒಂದೇ ಕಡೆ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನೂ ಎಳೆದು ಬಗ್ಗಿಸುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ, ಬಿಸಿಲು ಹಾಗಿರುತ್ತದೆ. ಆ ಬಿಸಿಲಿನಲ್ಲಿ ಒಣಗಲು ಇಟ್ಟ ರಟ್ಟು ಅರ್ಧ ಗಂಟೆಯಲ್ಲಿ ಹಪ್ಪಳದ ಹಾಗೆ ಸುರುಳಿ. ಎರಡು ಕೆಲಸ ಮಾಡಿ. ಮುಂದೆ ಅಂಟಿಸಿದಷ್ಟೇ ಹಾಳೆಯನ್ನು ಹಿಂದೆಯೂ ಅಂಟಿಸಿ. ನೆರಳಿನಲ್ಲಿ, ಮೇಲೆ ದಪ್ಪ ಪುಸ್ತಕ ಹೇರಿ ಒಣಗಿಸಿ.

ಇನ್ನು ಅಂಟು. ಅಂಗಡಿಯ ಬಿಳಿ ಗೋಂದು ಬೇಡ ಅನ್ನುವುದಿಲ್ಲ, ಆದರೆ ಮಕ್ಕಳು ಅದನ್ನು ಬಾಟಲಿಗಟ್ಟಲೆ ಸುರಿಯುತ್ತಾರೆ. ಮೈದಾ ಅಂಟೇ ಸಾಕು. ಒಂದು ಕಪ್ ಮೈದಾವನ್ನು ಒಂದು ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಕಪ್ ನೀರಿಗೆ ಹಾಕಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಹೊಳಪು ಬಂದರೆ ಇಳಿಸಿ. ಕುದಿಸದೆ ಸುಮ್ನೆ ನೀರಲ್ಲಿ ಕಲಸಿದರೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ನಮ್ಮ ಬೇಸಿಗೆಗೆ ಮರುದಿನವೇ ಹುಳಿ ವಾಸನೆ ಬರುತ್ತದೆ, ಅಂದಂದಿನದು ಅಂದೇ ಮಾಡಿಕೊಳ್ಳಿ.

ಮೈದಾ ಅಂಟಿಗೆ ಒಂದು ದೊಡ್ಡ ವೈರಿ ಇದೆ. ಒಂದು ವರ್ಷ ಪ್ರದರ್ಶನಕ್ಕೆಂದು ಕಾಗದದ ಪಲ್ಪಿನಲ್ಲಿ ಮಾಡಿದ ಹಣ್ಣುಗಳನ್ನು ಶಾಲೆಯೊಂದರ ಸ್ಟೋರ್ ರೂಮಿನಲ್ಲಿ ಇಟ್ಟಿದ್ದೆ. ದಸರಾ ರಜೆ ಮುಗಿಸಿ ಬಂದು ಬಾಗಿಲು ತೆರೆದರೆ ಇಲಿಗಳು ಮಾವಿನಹಣ್ಣು ಪೂರ್ತಿ, ಸೀತಾಫಲ ಅರ್ಧ ತಿಂದಿದ್ದವು. ಬಣ್ಣ ಅಷ್ಟು ಚೆನ್ನಾಗಿ ಬಂದಿತ್ತು ಅಂತ ಮಕ್ಕಳು ಖುಷಿಪಟ್ಟರು! ಈಗ ಮೈದಾದ್ದೆಲ್ಲ ಮುಚ್ಚಳದ ಡಬ್ಬಿಯಲ್ಲೇ. ಹಳೇ ಕಾಲದವರು ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಹೋಗುವುದಕ್ಕೆ ಬೇಡವೇ ಬೇಡ.

ತೇರಿನ ಚಕ್ರದ ತಕರಾರು ಬೇರೆ. ಬಳೆ ಇಟ್ಟು ಗುಂಡಗೆ ಗೀಚುತ್ತಾರೆ, ನಡುವಿನ ತೂತು ಮಾತ್ರ ಅಂದಾಜಿಗೆ ಚುಚ್ಚುತ್ತಾರೆ. ಚಕ್ರ ಕುಂಟುತ್ತದೆ. ಅದೇ ಬಳೆಯ ಅಳತೆಗೆ ತೆಳು ಹಾಳೆಯನ್ನು ಗುಂಡಗೆ ಕತ್ತರಿಸಿ, ಎರಡು ಸಲ ಅರ್ಧಕ್ಕೆ ಮಡಚಿ ಬಿಚ್ಚಿ. ಗೆರೆಗಳು ಕೂಡುವ ಜಾಗವೇ ನಡು. ಹಾಳೆಯನ್ನು ರಟ್ಟಿನ ಮೇಲಿಟ್ಟು ಅಲ್ಲೇ ಚುಚ್ಚಿ. ಎರಡು ಮೂರು ಪದರ ಅಂಟಿಸಿದರೆ ಚಕ್ರ ಗಟ್ಟಿ, ಆದರೆ ಪ್ರತಿ ಪದರದ ಅಲೆಯನ್ನು ಹಿಂದಿನದಕ್ಕೆ ಅಡ್ಡ ಬರುವಂತೆ ತಿರುಗಿಸಿ ಇಡಬೇಕು. ಅಚ್ಚಿಗೆ ಪೊರಕೆ ಕಡ್ಡಿ. ತೇರಿನ ತಳಕ್ಕೆ ಒಂದು ಸ್ಟ್ರಾ ತುಂಡು ಅಂಟಿಸಿ ಅದರೊಳಗೆ ಕಡ್ಡಿ ತೂರಿಸಿದರೆ ಸಲೀಸಾಗಿ ಉರುಳುತ್ತದೆ.

ಬೀದರ್ ಕಡೆಯ ಮಕ್ಕಳಿಗೆ ನಾನು ಮಾಡಿಸುವುದು ಬಿದರಿ ಹೂಜಿ. ಸಪಾಟಾದ ರಟ್ಟಿನ ಮೇಲೆ ಹೂಜಿಯ ಆಕಾರ, ಅದರೊಳಗೆ ದಾರದಿಂದ ಬಳ್ಳಿ ಹೂವು. ಮೇಲೆ ಚಾಕೊಲೇಟಿನ ಬೆಳ್ಳಿ ಹಾಳೆ ಹೊದಿಸಿ, ಹತ್ತಿಯಿಂದ ಮೆತ್ತಗೆ ಒತ್ತಿ, ಕಪ್ಪು ಬಣ್ಣ ಬಳಿದು, ಒಣಗುವ ಮೊದಲೇ ಬಟ್ಟೆಯಿಂದ ಒರೆಸಬೇಕು. ಉಬ್ಬಿದ ಬಳ್ಳಿ ಬೆಳ್ಳಗೆ ಹೊಳೆಯುತ್ತದೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಖರೇ ಬಿದರಿಯಲ್ಲಿ ಬೆಳ್ಳಿ ಉಬ್ಬಿರುವುದಿಲ್ಲ. ಸತು ತಾಮ್ರದ ಮಿಶ್ರಲೋಹದಲ್ಲಿ ಕೊರೆದ ಗೆರೆಯೊಳಗೆ ಅದನ್ನು ಕೂರಿಸುತ್ತಾರೆ. ಬೀದರ್ ಕೋಟೆಯ ಮಣ್ಣಿನ ದ್ರಾವಣ ಲೋಹವನ್ನಷ್ಟೇ ಕಪ್ಪು ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಮಕ್ಕಳಿಗೆ ಇದನ್ನೂ ಹೇಳುತ್ತೇನೆ, ನಮ್ಮದು ನಕಲಿ ಅಂತ ಗೊತ್ತಿರಲಿ ಅಲ್ವಾ.

ಎಲ್ಲ ಕಾಗದವೂ ಬೇಡ. ಅಂಗಡಿ ಬಿಲ್ಲಿನ ನುಣುಪು ಚೀಟಿಯನ್ನು ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಮೂಡಿದರೆ ಅದಕ್ಕೆ ರಾಸಾಯನಿಕದ ಲೇಪ ಇದೆ. ಕಸಕ್ಕೆ ಹಾಕಿ. ಲಗ್ನಪತ್ರಿಕೆ ಮಾತ್ರ ಒಂದನ್ನೂ ಬಿಡಬೇಡಿ. ಅಷ್ಟು ಒಳ್ಳೇ ದಪ್ಪ ಕಾಗದ ದುಡ್ಡು ಕೊಟ್ಟು ತರುವುದಕ್ಕೆ ಜಾಸ್ತಿ ಆಗುತ್ತದೆ. ಪಾರ್ಸೆಲ್ ರಟ್ಟು ಕತ್ತರಿಸುವ ಬ್ಲೇಡು ದೊಡ್ಡವರ ಕೈಯಲ್ಲೇ ಇರಲಿ. ಆರು ವರ್ಷದ ಒಳಗಿನವರಿಗೆ ಬಿಸ್ಕತ್ತಿನ ಪೆಟ್ಟಿಗೆ ಸಾಕು, ಮೊಂಡು ಕತ್ತರಿಗೂ ಅದು ಬಗ್ಗುತ್ತದೆ.

ಹುಡುಗನ ತೇರು ಎರಡನೇ ಸಲ ನಿಂತಿತು ಅಂದೆನಲ್ಲ, ಆದರೂ ತುದಿ ಸ್ವಲ್ಪ ಎಡಕ್ಕೆ ವಾಲಿತ್ತು. ಸರಿಮಾಡಿಕೊಡಲು ಕೈ ಹಾಕಿದೆ. ಬಿಡಲಿಲ್ಲ. "ಇರಲಿ ಬಿಡ್ರಿ ಸರ್, ಖರೇ ತೇರೂ ಎಳಿಯೋವಾಗ ಹಿಂಗೇ ವಾಲ್ತದ" ಅಂದು, ದಾರ ಕಟ್ಟಿ ಎಳೆದುಕೊಂಡು ಹೋದ.